ಎಪ್ಪತ್ತನ್ನೂ ಬಿಡು

ಪಿಂಗಣ್ಣ ಎಂಟರ್ ಒತ್ತಿದ ಬೆರಳನ್ನು ಇನ್ನೂ ಎತ್ತಿರಲಿಲ್ಲ, ಅಷ್ಟರಲ್ಲಿ ಆಸ್ಪತ್ರೆಯ ಅಷ್ಟೂ ಮಹಡಿಗಳು ಒಂದೇ ಗಂಟಲಲ್ಲಿ "ಅಯ್ಯೋ!" ಎಂದವು. ಆ ಕೂಗಿಗೆ ತಾರಸಿಯ ಪಾರಿವಾಳಗಳು ಪಕ್ಕದ ಊರಿಗೆ ಗುಳೆ ಹೋದವು, ಮತ್ತೆ ಬರಲಿಲ್ಲ. ಔಷಧಿ ಕೌಂಟರಿನ ಪ್ರಿಂಟರು ಅರ್ಧ ಬಿಲ್ಲನ್ನು ನಾಲಗೆಯಂತೆ ಚಾಚಿ ನಿಂತುಬಿಟ್ಟಿತು. ಲ್ಯಾಬಿನ ಪರದೆಗಳ ಮೇಲೆ ಚುಕ್ಕೆಗಳು ಗಾಣದೆತ್ತಿನ ಹಾಗೆ ಸುತ್ತತೊಡಗಿದವು. ಫೋನುಗಳೂ ಅದೇ ನೆಟ್‌ವರ್ಕಿನ ತಂತಿಯನ್ನು ನಂಬಿದ್ದವು, ಅವೂ ಮೂಕವಾದವು.

ಪಿಂಗಣ್ಣನೆಂದರೆ ಸಾಮಾನ್ಯನಲ್ಲ. ಆ ಆಸ್ಪತ್ರೆಯ ನೆಟ್‌ವರ್ಕನ್ನು ಕಾಗದದ ಮೇಲೆ ಗೀಚಿದವನೂ ಅವನೇ, ಕಟ್ಟಿದವನೂ ಅವನೇ, ಮಲಗಿದರೆ ಎಬ್ಬಿಸುವವನೂ ಅವನೇ. ಯಾವ ಯಂತ್ರ ಸುಮ್ಮನಾದರೂ ಮೊದಲು ‘ಪಿಂಗ್’ ಮಾಡಿ, ಅಂದರೆ ಕೂತಲ್ಲಿಂದಲೇ ‘ಇದ್ದೀಯೇನೋ?’ ಎಂದು ಕೂಗಿ ನೋಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಅವನು ಕೂಗಿದರೆ ಗುಜರಿಗೆ ಹಾಕಿದ ಪ್ರಿಂಟರೂ ಎದ್ದು ಬಂದು ‘ಇದ್ದೀನಿ ಅಣ್ಣಾ’ ಎನ್ನುತ್ತದೆಂದು ನರ್ಸುಗಳು ಆಣೆ ಮಾಡಿ ಹೇಳುತ್ತಿದ್ದರು. ಅವನು ಅದನ್ನು ಅಲ್ಲಗಳೆಯುತ್ತಲೂ ಇರಲಿಲ್ಲ.

ಮಹಡಿಗಳ ಮಾಹಿತಿಯೆಲ್ಲ ಅವನ ಕೋಣೆಗೆ ಬರುತ್ತಿದ್ದುದು ಒಂದೇ ದೊಡ್ಡ ತಂತಿಯ ದಾರಿಯಲ್ಲಿ. ಒಬ್ಬರ ಗುಟ್ಟು ಇನ್ನೊಬ್ಬರ ಕಿವಿಗೆ ಬೀಳಬಾರದೆಂದು ಪ್ರತಿ ವಿಭಾಗಕ್ಕೂ ಒಂದೊಂದು ನಂಬರು ಕೊಟ್ಟಿದ್ದ. ಲ್ಯಾಬಿಗೆ ಹತ್ತು, ಔಷಧಿಗೆ ಇಪ್ಪತ್ತು, ಹೀಗೆ. ದಾರಿಯ ಬಾಗಿಲಲ್ಲಿ ಸ್ವಿಚ್ಚು ಎಂಬ ಪೆಟ್ಟಿಗೆ ಕೂತು, ಪಟ್ಟಿಯಲ್ಲಿರುವ ನಂಬರನ್ನಷ್ಟೇ ಒಳಗೆ ಬಿಡುತ್ತಿತ್ತು. ರೋಗಿಗಳು ಕಾಯುವ ಹಾಲ್‌ಗೆ ಹೊಸದಾಗಿ ಟೀವಿಗಳು ಬಂದಿದ್ದವು. ಅವಕ್ಕೆ ಎಪ್ಪತ್ತು. ಆ ಬೆಳಿಗ್ಗೆ ಅವನು ಸ್ವಿಚ್ಚಿಗೆ ‘ಎಪ್ಪತ್ತನ್ನೂ ಬಿಡು’ ಎಂದು ಹೇಳಬೇಕಿತ್ತು. ಆ ‘ಊ’ಕಾರಕ್ಕೆ ಸ್ವಿಚ್ಚಿನ ಭಾಷೆಯಲ್ಲಿ ‘ಆಡ್’, ಅಂದರೆ ‘ಸೇರಿಸು’, ಎಂಬ ಮೂರು ಇಂಗ್ಲಿಷ್ ಅಕ್ಷರದ ಪದವಿದೆ. ನರ್ಸೊಬ್ಬಳಿಗೆ ತನ್ನ ಪ್ರತಾಪ ಕೊಚ್ಚುತ್ತ ಟೈಪ್ ಮಾಡುತ್ತಿದ್ದ ಪಿಂಗಣ್ಣ ಅದನ್ನು ನುಂಗಿಬಿಟ್ಟ. ‘ಎಪ್ಪತ್ತನ್ನು ಬಿಡು’ ಎಂದ. ಸ್ವಿಚ್ಚಿನಷ್ಟು ವಿಧೇಯ ಪ್ರಾಣಿ ಮೂರು ಲೋಕದಲ್ಲೂ ಇಲ್ಲ. ಅದು ಎಪ್ಪತ್ತನ್ನು ಮಾತ್ರ ಬಿಟ್ಟು, ಉಳಿದವರೆಲ್ಲರ ಮುಖಕ್ಕೆ ಬಾಗಿಲು ಹಾಕಿತು.

ಕಾಯುವ ಹಾಲ್‌ನ ಟೀವಿಗಳಲ್ಲಿ ಇಬ್ಬರು ಪೈಲ್ವಾನರು ಒಬ್ಬರನ್ನೊಬ್ಬರು ಎತ್ತಿ ಒಗೆಯತೊಡಗಿದರು.

"ಸದ್ಯ, ಏನೋ ಒಂದು ಶುರುವಾಯ್ತಲ್ಲ," ಎಂದರು ಟೋಕನ್ ಹಿಡಿದು ಕೂತಿದ್ದ ಅಜ್ಜಿ.

ಪರದೆ ನೋಡಿದ ಪಿಂಗಣ್ಣನ ಕಣ್ಣಿಗೆ ತಪ್ಪು ರಾಚಿತು. ಅದೇ ಹೊತ್ತಿಗೆ ಬಾಗಿಲಾಚೆ ಆಡಳಿತಾಧಿಕಾರಿ ಮೇಡಂ ಗುಡುಗಿದರು. "ಯಾರ್ರೀ ಮೇಲೆ? ಏನ್ ಎಳೆದ್ರಿ?"

ಕಾರಿಡಾರಿನ ಚಾವಣಿಯ ಹಲಗೆ ಸರಿಸಿ, ಏಣಿಯ ಮೇಲೆ ಸೊಂಟದವರೆಗೆ ಕತ್ತಲಲ್ಲಿ ತೂರಿಕೊಂಡು ಕೇಬಲ್ ಎಳೆಯುತ್ತಿದ್ದವನು ಪಿಂಗಣ್ಣನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಪಿಂಗಣ್ಣನೇ ಶಿಫಾರಸು ಮಾಡಿ ಕೊಡಿಸಿದ ಕೆಲಸ. ಹಿಂದಿನ ಕೆಲಸ ಹೋಗಿ ಮನೆಯಲ್ಲಿ ಕೂತು ಕೂತು ಕುರ್ಚಿಯನ್ನೇ ಸವೆಸಿದ್ದ ಮನುಷ್ಯ.

"ನಾನೇ ಮೇಡಂ," ಎಂದ ಭಾವ, ಮೇಲಿನಿಂದಲೇ. "ಒಂದು ಕಟ್ಟು ಸಿಕ್ಕಾಕೊಂಡಿತ್ತು. ಸ್ವಲ್ಪ ಜೋರಾಗಿ ಎಳೆದುಬಿಟ್ಟೆ."

ಪಿಂಗಣ್ಣನಿಗೆ ಬಾಗಿಲ ಸಂದಿಯಿಂದ ಎಲ್ಲವೂ ಕೇಳಿಸಿತು. ಬಾಯಿ ತೆರೆದ. ಊರಿಗೆಲ್ಲ ಕೇಳುವಂಥ ಬಾಯಿ ಅವನದು. ಆ ದಿನ ಅದರಿಂದ ಗಾಳಿಯೂ ಹೊರಡಲಿಲ್ಲ.

ಅಷ್ಟರಲ್ಲಿ ಲ್ಯಾಬಿನವಳು ಕೈಯಲ್ಲಿ ಚೀಟಿ ಹಿಡಿದು ಓಡಿಬಂದಳು. ಮೇಲಿನ ಆಪರೇಷನ್ ಥಿಯೇಟರಿನಲ್ಲಿ ಹೆರಿಗೆಯಾದ ಹೆಂಗಸಿಗೆ ರಕ್ತ ನಿಲ್ಲುತ್ತಿಲ್ಲ, ಯಾವ ಗುಂಪಿನ ರಕ್ತ ಎಂಬ ವರದಿ ಪರದೆಗೆ ಹೋಗುತ್ತಿಲ್ಲ, ಫೋನೂ ಇಲ್ಲ. ಲಿಫ್ಟು ಕೆಳಗೆ ಬರುವ ಲಕ್ಷಣವಿರಲಿಲ್ಲ. ಭಾವ ಏಣಿಯಿಂದ ಧುಮುಕಿ ಅವಳ ಕೈಯ ಚೀಟಿ ಕಿತ್ತುಕೊಂಡ. ಅವನ ಮಂಡಿಗಳ ಕಟಕಟ ಸದ್ದಿಗೆ ಮನೆಯ ಬೆಕ್ಕು ಮಂಚದಡಿ ಅವಿತುಕೊಳ್ಳುತ್ತಿತ್ತು. ಅಂಥವನು ಮೆಟ್ಟಿಲು ಹತ್ತಿದ ವೇಗಕ್ಕೆ ಗೋಡೆಯ ಸುಣ್ಣ ಉದುರಿತು.

ಪಿಂಗಣ್ಣ ಪಟ್ಟಿಯನ್ನು ಸರಿಯಾಗಿ ಬರೆದು ಎಂಟರ್ ಒತ್ತಿದ. ಲ್ಯಾಬು ಬಂತು, ಔಷಧಿ ಬಂತು, ವಾರ್ಡುಗಳು ಬಂದವು, ಫೋನುಗಳು ಒಟ್ಟಿಗೆ ಅಳತೊಡಗಿದವು. ಹೆಂಗಸಿಗೆ ರಕ್ತ ಅದಕ್ಕೂ ಮುಂಚೆಯೇ ಏರಿತ್ತು, ಭಾವನ ಚೀಟಿಯಿಂದ.

ಸುದ್ದಿ ಮಾತ್ರ ಬೇರೆಯಾಗಿ ಹಬ್ಬಿತು. ಪಿಂಗಣ್ಣ ಕಣ್ಣು ಮಿಟುಕಿಸುವುದರೊಳಗೆ ಆಸ್ಪತ್ರೆಯನ್ನು ಉಳಿಸಿದ! ಯಾರೋ ಚಹಾ ತಂದಿಟ್ಟರು. ಅದರ ಮೇಲೆ ಕೆನೆ ಕಟ್ಟಿತು.

"ಏನಾಗಿತ್ತು?" ಎಂದರು ಮೇಡಂ.

"ಮೇಲೆ... ಲೈನಲ್ಲಿ ಏನೋ," ಎಂದ ಪಿಂಗಣ್ಣ.

"ಗೊತ್ತಾಯ್ತು ಬಿಡಿ. ನಾಳೆಯಿಂದ ಅವರು ಬೇಡ. ನಿಮ್ಮ ಕಡೆಯವರು, ನಾನು ಹೇಳಿದ್ರೆ ಚೆನ್ನಾಗಿರಲ್ಲ. ನೀವೇ ಹೇಳಿ ನನ್ನ ರೂಮಿಗೆ ಬನ್ನಿ."

ಪಿಂಗಣ್ಣನ ಕಾಲಿಗೆ ಆ ಕಾರಿಡಾರು ಕಾಶಿಗಿಂತ ದೂರವಾಯಿತು. ಭಾವ ಮತ್ತೆ ಏಣಿ ಹತ್ತಿದ್ದ. ಚಾವಣಿಯ ಹಲಗೆಗಳನ್ನು ಒಂದಾದಮೇಲೊಂದು ತೆಗೆದು, ಒಂದೊಂದೇ ಕೇಬಲಿಗೆ ಪರೀಕ್ಷೆಯ ಡಬ್ಬಿ ಸಿಕ್ಕಿಸಿ ನೋಡುತ್ತಿದ್ದ. ಹಸಿರು ದೀಪಗಳು ಸಾಲಾಗಿ ಹೊತ್ತಿ ‘ಎಲ್ಲ ಸರಿ’ ಎನ್ನುತ್ತಿದ್ದವು. ಅವನು ತಲೆಯಾಡಿಸಿ ಮುಂದಿನದಕ್ಕೆ ಕೈ ಹಾಕುತ್ತಿದ್ದ.

"ಭಾವ, ಇಳೀರಿ."

"ತಾಳಪ್ಪ. ಇನ್ನೂ ಸಿಕ್ಕಿಲ್ಲ."

"ಎಲ್ಲಾ ಸರಿಹೋಯ್ತಲ್ಲ."

"ನಿನ್ನ ಕೈಗುಣಕ್ಕೆ ಸರಿಹೋಯ್ತು. ನಾನು ಎಲ್ಲಿ ಕೆಡಿಸಿದೆ ಅಂತ ಗೊತ್ತಾಗಬೇಡವಾ? ಆ ಹೆಂಗಸು ಹೋಗಿಬಿಟ್ಟಿದ್ರೆ? ತಪ್ಪು ಎಲ್ಲಿ ಅಂತ ತಿಳೀದೆ ನಾಳೆ ಯಾವ ಮುಖ ಇಟ್ಕೊಂಡು ತಂತಿ ಮುಟ್ಟಲಿ?" ಭಾವ ಇನ್ನೊಂದು ಕೇಬಲ್ ಸಿಕ್ಕಿಸಿದ. ಹಸಿರು. "ಥೂ! ಇದೂ ಸರಿ ಇದೆ."

ಸರಿಯಿದೆ ಎಂದು ಬೈಸಿಕೊಂಡ ಕೇಬಲ್ ಜಗತ್ತಿನಲ್ಲಿ ಅದೊಂದೇ ಇರಬೇಕು. ಪಿಂಗಣ್ಣನಿಗೆ ನಗು ಬರಬೇಕಿತ್ತು. ಬದಲಿಗೆ ಅವನು ಏಣಿಯ ಕಾಲನ್ನು ಹಿಡಿದುಕೊಂಡ.

"ಅಲ್ಲಿ ಇಲ್ಲ ಭಾವ."

"ಮತ್ತೆಲ್ಲಿ? ಆಚೆ ಮೂಲೇಲಾ?"

"ನನ್ನ ಕೀಬೋರ್ಡಲ್ಲಿ. ಎಪ್ಪತ್ತನ್ನೂ ಬಿಡು ಅನ್ನಬೇಕಿತ್ತು. ಎಪ್ಪತ್ತನ್ನು ಬಿಡು ಅಂದೆ. ಅದು ಮಿಕ್ಕವರನ್ನೆಲ್ಲ ಆಚೆ ಹಾಕ್ತು."

ಭಾವನ ತಲೆ ಚಾವಣಿಯ ಕತ್ತಲಲ್ಲೇ ಇತ್ತು. ಅದು ಕೆಳಗೆ ಬರಲು ಒಂದು ಯುಗ ಹಿಡಿಯಿತು. ಹುಬ್ಬಿನ ತುಂಬ ಬಿಳಿ ಧೂಳು.

"ಒಂದು ದೀರ್ಘಕ್ಕೆ ಇಷ್ಟೊಂದಾ?"

"ಹೂಂ."

"ನಾನು ಎಳೆದಾಗ ನಿಂಗೆ ಗೊತ್ತಿತ್ತಾ, ನಂದಲ್ಲ ಅಂತ?"

ಪಿಂಗಣ್ಣ ಏಣಿಯ ಮೆಟ್ಟಿಲು ನೋಡಿದ. "ಗೊತ್ತಿತ್ತು."

ಬೈಗುಳಕ್ಕಾಗಿ ಅವನು ಬೆನ್ನು ಗಟ್ಟಿಮಾಡಿಕೊಂಡು ನಿಂತ. ಷಡ್ಡಕರಿಬ್ಬರೂ ಮನೆಯಲ್ಲಿ ಒಬ್ಬರ ಕಾಲು ಒಬ್ಬರು ಎಳೆಯುವುದರಲ್ಲಿ ಸುತ್ತೇಳು ಬೀದಿಗೆ ಹೆಸರಾದವರು. ಭಾವ ಡಬ್ಬಿಯ ದೀಪ ಆರಿಸಿ ಅದನ್ನು ಜೇಬಿಗೆ ಹಾಕಿಕೊಂಡ.

"ಸದ್ಯ," ಎಂದ ಆಮೇಲೆ, ತನಗೇ ಹೇಳಿಕೊಳ್ಳುವಂತೆ. "ಕೈ ಕೆಟ್ಟಿಲ್ಲ ನಂದು." ತೆರೆದ ಹಲಗೆಗಳನ್ನು ಮುಚ್ಚಲು ಮತ್ತೆ ಮೇಲೆ ತಿರುಗಿದ.

ಆ ‘ಸದ್ಯ’ವನ್ನು ಬೆನ್ನಿಗೆ ಅಂಟಿಸಿಕೊಂಡೇ ಪಿಂಗಣ್ಣ ಮೇಡಂ ಕೋಣೆಗೆ ನಡೆದ. ಮೇಡಂ ಫೋನಿನಲ್ಲಿದ್ದರು. "ನಮ್ಮ ನೆಟ್‌ವರ್ಕಿನವರು ಇಲ್ಲದಿದ್ರೆ ಇವತ್ತು ಕಥೆ ಮುಗೀತಿತ್ತು ಸಾರ್," ಎನ್ನುತ್ತಲೇ ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ. ಫೋನಿಟ್ಟು ಅವರು ಕೇಳಿದರು, "ಹೇಳಿದ್ರಾ?"

"ಹೇಳಿದೆ."

"ಒಪ್ಪಿಕೊಂಡ್ರಾ?"

ಅಲ್ಲಿಗೇ ಸುಮ್ಮನೆ ತಲೆಯಾಡಿಸಿದ್ದರೆ ಚಹಾ, ಹೊಗಳಿಕೆ ಎಲ್ಲವೂ ಅವನದೇ ಆಗಿ ಉಳಿಯುತ್ತಿತ್ತು.

"ಒಪ್ಪಿಕೊಳ್ಳಬೇಕಾದವನು ಭಾವ ಅಲ್ಲ ಮೇಡಂ," ಎಂದು ಪಿಂಗಣ್ಣ ತನ್ನ ಹಿಂದೆ ತೆರೆದಿದ್ದ ಬಾಗಿಲನ್ನು ಮುಚ್ಚಿದ.

ಹೊರಗೆ ಭಾವ ಕೊನೆಯ ಹಲಗೆಯನ್ನು ಚೌಕಟ್ಟಿಗೆ ಸರಿಯಾಗಿ ಕೂರಿಸಿ ಇಳಿದ. ಪೊರಕೆ ಎಲ್ಲೂ ಕಾಣಲಿಲ್ಲ. ಮಂಡಿಯೂರಿ ಕೂತು, ನೆಲಕ್ಕೆ ಬಿದ್ದಿದ್ದ ಬಿಳಿ ಧೂಳನ್ನು ಅಂಗೈಯಿಂದಲೇ ಒಂದು ಕಡೆಗೆ ಒತ್ತರಿಸತೊಡಗಿದ. ಸ್ಟ್ರೆಚರ್ ತಳ್ಳಿಕೊಂಡು ಬಂದವರು ಅವನಿಗಾಗಿ ಒಂದು ಗಳಿಗೆ ನಿಂತರು.