ಎಡಬದಿಯ ಹುಲಿ

ಬನಹಟ್ಟಿಯ ಪೇಂಟರ್ ರೇವಪ್ಪನ ಅಕ್ಷರಕ್ಕೆ ಬಾಲವಿರಲಿಲ್ಲ, ಕುಡಿಯಿರಲಿಲ್ಲ, ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು ಎಂಬ ನಖರಾ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪದ ಗೆರೆ, ಅದೂ ಓಡುವವನ ಹಾಗೆ ಮುಂದಕ್ಕೆ ಬಾಗಿದ್ದು. ಜಮಖಂಡಿಯಿಂದ ಬೀಳಗಿಯವರೆಗೆ ಊರೂರು ತಿರುಗಿ ಕಬ್ಬಿನ ಟ್ರೇಲರ್‌ಗಳ ಮೇಲೆ ಮೂವತ್ತು ವರ್ಷ ಅವನು ಅದನ್ನೇ ಬರೆದ. ಧೂಳು ಮೆತ್ತಿದರೂ, ಟ್ರೇಲರ್ ಕುಲುಕುತ್ತ ಹೊರಟಿದ್ದರೂ ಓದಲು ಬರುತ್ತಿತ್ತು. ಅಕ್ಷರದಿಂದ ಇದಕ್ಕಿಂತ ಹೆಚ್ಚಿನದೇನು ಬೇಕು ಹೇಳಿ.

ಎರಡು ವರ್ಷದ ಹಿಂದೆ ಅವನ ಬಲಗೈ ನಡುಗತೊಡಗಿತು. ಡಾಕ್ಟರು ಗುಳಿಗೆ ಕೊಟ್ಟರು, ನಡುಕ ಹೋಗಲಿಲ್ಲ. ರೇವಪ್ಪ ಬ್ರಷ್ಷುಗಳನ್ನು ತೊಳೆದು ಡಬ್ಬಿಗೆ ಹಾಕಿದ, ಕೈಯನ್ನು ಹೆಗಲ ಟವೆಲ್ಲಿನ ಕೆಳಗೆ ಮುಚ್ಚಿಟ್ಟುಕೊಂಡ. ಮಂದಿಯ ಮುಂದೆ ಅದನ್ನು ಹೊರಗೆ ತೆಗೆಯಲೇ ಇಲ್ಲ. ಚಹಾ ಕುಡಿಯುವುದೂ ಎಡಗೈಯಲ್ಲೇ ಆಯಿತು.

ಮಗಳು ವೈಶಾಲಿಗೆ ರೇಡಿಯಂ ಸ್ಟಿಕರ್ ಕತ್ತರಿಸುವ ಅಂಗಡಿಯಿತ್ತು. ಅಪ್ಪನ ಅಕ್ಷರ ಅಪ್ಪನ ಜೊತೆಗೇ ಹೋಗಿಬಿಡುತ್ತದೆ ಎಂಬ ಹೆದರಿಕೆಗೆ ಅವಳು ಅದನ್ನು ಕಂಪ್ಯೂಟರಿಗೆ ಇಳಿಸಲು ಕೂತಳು. ಸಕ್ಕರೆ ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಲ್ಲುವ ಟ್ರೇಲರ್‌ಗಳ ಫೋಟೊ ತೆಗೆದು ತಂದಳು. ಒಂದೊಂದೇ ಅಕ್ಷರವನ್ನು ತಿದ್ದಿ ತಿದ್ದಿ ಬರೆದಳು. ಒತ್ತಕ್ಷರಗಳಂತೂ ಸಾಕೋ ಸಾಕು ಮಾಡಿದವು. ಒಂದು ವರ್ಷ ಹಿಡಿಯಿತು. ಫಾಂಟಿಗೆ ‘ರೇವಪ್ಪ’ ಎಂದೇ ಹೆಸರಿಟ್ಟಳು. ಅದು ಹಾಲಿನ ಡೇರಿಯ ಬೋರ್ಡಿಗೆ, ಕ್ರಿಕೆಟ್ ಟೂರ್ನಿಯ ಬ್ಯಾನರಿಗೆ, ಮುಧೋಳದ ಜಿಮ್ಮಿನ ಗೋಡೆಗೆಲ್ಲ ಹೋಯಿತು. ಅಪ್ಪನಿಗೆ ತೋರಿಸಿದರೆ ಅವನು ನೋಡಿ ‘ಹ್ಞೂಂ’ ಎಂದ, ಅಷ್ಟೆ. ಎಲ್ಲಿ ಅವನ ಅಕ್ಷರವನ್ನು ಕೆಡಿಸಿಬಿಟ್ಟೆನೋ ಎಂದು ಆ ‘ಹ್ಞೂಂ’ ಅವಳನ್ನು ಒಳಗೊಳಗೇ ಕೊರೆಯಿತು.

ಕಬ್ಬಿನ ಹಂಗಾಮು ಶುರುವಾಗಲು ಎರಡು ದಿನವಿತ್ತು. ಚಿಕ್ಕಪಡಸಲಗಿಯ ಪಾಂಡಪ್ಪ ತನ್ನ ಆರೂ ಟ್ರೇಲರ್‌ಗಳಿಗೆ ‘ಪಡಸಲಗಿ ಹುಲಿ’ ಎಂದು ಹಚ್ಚಿಸಬೇಕೆಂದು ಬಂದ, ಅದೂ ರೇವಪ್ಪನ ಅಕ್ಷರದಲ್ಲೇ. ಡ್ರೈವರ್ ಮೊದಲನೆಯ ಟ್ರೇಲರನ್ನು ಟ್ರ್ಯಾಕ್ಟರಿಗೆ ಕಟ್ಟಿ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ವೈಶಾಲಿ ಎರಡೂ ಬದಿಗೆ ಸ್ಟಿಕರ್ ಅಂಟಿಸಿದಳು. ಪಾಂಡಪ್ಪ ಬಲಬದಿ ನೋಡಿ ಮೀಸೆ ತಿರುವಿದ. ಎಡಬದಿಗೆ ಬಂದವನು ಹಾಗೇ ನಿಂತುಬಿಟ್ಟ.

“ತಂಗಿ, ಹುಲಿ ಹಿಂದಕ್ಕ ಬೀಳಾಕತ್ತೈತಲ್ಲ. ಬ್ರೇಕ್ ಹಾಕಿದಂಗ ಕಾಣತೈತಿ.”

“ಎರಡೂ ಕಡೆ ಒಂದ ಅಕ್ಷರ ಐತ್ರಿ ಕಾಕಾ,” ಎಂದಳು ವೈಶಾಲಿ.

“ನಿಮ್ಮಪ್ಪ ಬರದಾಗ ಹಿಂಗ ಇರತಿರಲಿಲ್ಲ. ಇದು ರೇವಪ್ಪನ ಅಕ್ಷರ ಅಲ್ಲ ಬಿಡು. ತಗದಬಿಡು, ಮಹಾಲಿಂಗಪುರದಾಗ ಮಾಡಿಸ್ತೇನಿ.”

ಗಿರಾಕಿ ಹೋದರೆ ಹೋಗಲಿ, ಅದನ್ನು ತಡೆದುಕೊಳ್ಳಬಹುದಿತ್ತು. ರೇವಪ್ಪನ ಅಕ್ಷರ ಅಲ್ಲ ಎಂಬ ಮಾತನ್ನು, ಅದೂ ಅಂಗಡಿಯ ಕಟ್ಟೆಯ ಮೇಲೆ ಅಪ್ಪ ಕೂತು ಕೇಳುತ್ತಿರುವಾಗ, ಅವಳಿಗೆ ತಡೆಯಲಾಗಲಿಲ್ಲ. ಕಣ್ಣು ತುಂಬಿ ಬಂತು. ಉಗುರಿನಿಂದ ಸ್ಟಿಕರಿನ ಅಂಚು ಕೀಳತೊಡಗಿದಳು.

“ತಡಿ ಬೇ, ಕೀಳಬ್ಯಾಡ.” ರೇವಪ್ಪ ಎದ್ದು ಬಂದು ಟ್ರೇಲರನ್ನು ಒಂದು ಸುತ್ತು ಹಾಕಿದ. “ಫೋಟೊ ಎಲ್ಲಿ ನಿಂತು ತಗದಿದ್ದಿ?”

“ಕಾರ್ಖಾನಿ ಮುಂದ, ರೋಡಿನ್ಯಾಗ.”

“ಹಂಗಾರ ನಿನಗ ಬಲಬಾಜು ಅಷ್ಟ ಕಂಡೈತಿ. ಟ್ರೇಲರ್ ಎಡಕ್ಕ ಹಚ್ಚಿ ನಿಲ್ಲಿಸಿರತಾರ, ಎಡಬಾಜು ಗಟಾರದ ಕಡೆ ಇರತೈತಿ. ಇಲ್ಲಿ ನಿಂತು ನೋಡು, ಇಂಜಿನ್ ನಿನ್ನ ಎಡಕ್ಕ ಐತಿ. ಅದಕ್ಕ ಈ ಬಾಜು ನಾ ಅಕ್ಷರ ಎಡಕ್ಕ ಬಾಗಸ್ತಿದ್ದೆ. ಗಾಡಿ ಹೊಂಟ ಕಡೆಗೆ ಅಕ್ಷರನೂ ಹೋಗಬೇಕಲ್ಲ.”

ಮೂವತ್ತು ವರ್ಷ ಊರಿಗೆ ಊರೇ ಓದಿತ್ತು. ಇದು ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ, ಅವನ ಅನ್ನ ಉಂಡು ಬೆಳೆದ ಮಗಳ ಕಣ್ಣಿಗೂ.

“ಮೊದಲ ಯಾಕ ಹೇಳಲಿಲ್ಲಪ್ಪಾ?”

“ನೀ ತೋರಿಸಿದ್ದು ಬಲಬಾಜುದ್ದು. ಅದರಾಗ ಏನೂ ತಪ್ಪ ಇರಲಿಲ್ಲ. ಏನಂತ ಹೇಳಲಿ?”

ವೈಶಾಲಿಗೆ ನಗು ಬಂತು, ಅಳುವೂ ಬಂತು. ವರ್ಷದಿಂದ ಎದೆಯ ಮೇಲೆ ಹೊತ್ತಿದ್ದ ಕಲ್ಲು ಇಳಿಯಿತು. ತಪ್ಪೇ ಇಲ್ಲದ್ದಕ್ಕೆ ‘ಹ್ಞೂಂ’ ಎನ್ನುವ ಮನುಷ್ಯನ ಹೊಟ್ಟೆಯಲ್ಲಿ ಹುಟ್ಟಿದ ಮೇಲೆ ಇದನ್ನೆಲ್ಲ ಅನುಭವಿಸಲೇಬೇಕು.

ಪಾಂಡಪ್ಪನನ್ನು ಕೂರಿಸಿ ಅವಳು ಕಂಪ್ಯೂಟರಿನ ಮುಂದೆ ಕೂತಳು. ಸುಮ್ಮನೆ ಎಡಕ್ಕೆ ಓರೆ ಮಾಡಿದರೆ ಗೆರೆಗಳು ಒಂದು ಕಡೆ ಊದಿಕೊಂಡು ಇನ್ನೊಂದು ಕಡೆ ಸೊರಗಿದವು. ರೇವಪ್ಪ ಹಿಂದೆ ನಿಂತು, “ಲಿ ಹೊಟ್ಟಿ ಸಣ್ಣದ ಮಾಡು. ಡ ಇನ್ನೊಂದೀಟು ನೆಟ್ಟಗಾಗಲಿ,” ಎಂದು ಹೇಳುತ್ತ ಹೋದ. ಇದ್ದದ್ದೇ ಏಳು ಅಕ್ಷರ. ಮಧ್ಯಾಹ್ನದ ಊಟದ ಹೊತ್ತಿಗೆ ಹೊಸ ಸ್ಟಿಕರ್ ಎಡಬದಿಯ ಮೇಲಿತ್ತು.

ಪಾಂಡಪ್ಪ ರಸ್ತೆಯ ಆಚೆಗೆ ಹೋಗಿ ನಿಂತು ನೋಡಿದ. “ಈಗ ಹೊಂಟೈತಿ ನೋಡು ಹುಲಿ. ಉಳಿದ ಐದಕ್ಕೂ ಹಚ್ಚಿಬಿಡು ತಂಗಿ,” ಎಂದ.

ಕೊನೆಯ ಅಕ್ಷರದಡಿ ಗಾಳಿಯ ಗುಳ್ಳೆಯೊಂದು ಉಳಿದಿತ್ತು. ರೇವಪ್ಪ ಟವೆಲ್ಲಿನ ಕೆಳಗಿಂದ ಬಲಗೈ ತೆಗೆದು, ಪಾಂಡಪ್ಪ, ಡ್ರೈವರ್ ಎಲ್ಲರೂ ನೋಡುತ್ತಿರುವಂತೆಯೇ, ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಅಂಚಿನವರೆಗೆ ಒತ್ತುತ್ತ ಹೋದ. ಕೈ ನಡುಗುತ್ತಲೇ ಇತ್ತು. ಗುಳ್ಳೆ ಹೋಯಿತು.

ಆಮೇಲೆ ಚಹಾ ಬಂತು. ಅವನು ಅದೇ ಕೈ ಚಾಚಿ ಕಪ್ಪು ತೆಗೆದುಕೊಂಡ. ಅರ್ಧ ಚೆಲ್ಲಿತು, ಉಳಿದರ್ಧವನ್ನು ಆರಾಮಾಗಿ ಕುಡಿದ.