ಭಕ್ತಿಯ ಅರ್ಜಿ ಭಕ್ತಿಯೇ ತುಂಬಿದಳು

ಹತ್ತರಗಿಯ ಬಟ್ಟೆ ವ್ಯಾಪಾರಿ ತವನಪ್ಪನ ಮಗಳು ಭಕ್ತಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆದರೂ ಪಿಯುಸಿಯಲ್ಲಿ ಮೊದಲ ದರ್ಜೆ. ಊರಿನ ಕಂಪ್ಯೂಟರ್ ಕೇಂದ್ರ ನಡೆಸುವ ದೀಪಾ ಅವಳ ಗೆಳತಿ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಹಾಕಿಕೊಟ್ಟು, ಕೀಲಿಮಣೆ ಬಳಸಲು ಕಲಿಸಿದ್ದಳು.

೨೦೦೮ರಲ್ಲಿ ಭಕ್ತಿ ಬೆಳಗಾವಿಯಲ್ಲಿ ನಡೆಯುವ ಶಿಕ್ಷಕಿ ತರಬೇತಿಗೆ ಅರ್ಜಿ ಹಾಕಲು ಕುಳಿತಳು. ಅರ್ಜಿ ಕಂಪ್ಯೂಟರಿನಲ್ಲೇ ತುಂಬಬೇಕಿತ್ತು. ಪುಟ ತೆರೆದರೆ ಧ್ವನಿ "ಖಾಲಿ ಜಾಗ, ಖಾಲಿ ಜಾಗ, ಗುಂಡಿ" ಎನ್ನುತ್ತದೆಯೇ ಹೊರತು ಯಾವುದು ಹೆಸರಿಗೆ, ಯಾವುದು ಊರಿಗೆ ಎಂದು ಹೇಳದು. ಕೊನೆಯಲ್ಲಿ ಚಿತ್ರದೊಳಗಿನ ಅಕ್ಷರ ನೋಡಿ ಬರೆಯಬೇಕಂತೆ. ಅವಳು ತಡಕಾಡುವಷ್ಟರಲ್ಲಿ ಹತ್ತು ನಿಮಿಷ ಕಳೆದು ಪುಟವೇ ಮುಚ್ಚಿಹೋಯಿತು.

"ಬಿಡವ್ವಾ, ನಾ ತುಂಬತೇನಿ. ಅಪ್ಪ ಅಂತ ಯಾಕದೇನಿ?" ಎಂದ ತವನಪ್ಪ. ಅಂಗಡಿಯ ಕಂಪ್ಯೂಟರ್ ಬಳಸಿ ಅವನಿಗೆ ರೂಢಿಯಿತ್ತು. ತುಂಬಿಯೂ ಬಿಟ್ಟ.

ಎರಡು ತಿಂಗಳಿಗೆ ಪತ್ರ ಬಂತು. ದೀಪಾ ಓದಿದಳು: "ತಾವು ಆಯ್ಕೆಯಾಗಿದ್ದೀರಿ. ವಸತಿ ಬೇಡವೆಂದು ತಿಳಿಸಿದ್ದರಿಂದ ವಸತಿನಿಲಯದಲ್ಲಿ ಸ್ಥಳ ನೀಡಿಲ್ಲ."

"ವಸತಿ ಬ್ಯಾಡ ಅಂತ ನಾ ಯಾವಾಗ ಅಂದೆ?" ಭಕ್ತಿ ತಂದೆಯ ಕಡೆ ತಿರುಗಿದಳು. "ಅಪ್ಪಾ?"

ತವನಪ್ಪನ ದನಿ ಇಳಿಯಿತು. "ಬೆಳಗಾವ್ಯಾಗ ಒಬ್ಬಾಕಿ ಹೆಂಗಿರ್ತಿ ಅಂತ ಅಂಜಿಕಿ ಬಂತವ್ವಾ. ವಸತಿ ಇಲ್ಲಂದ್ರ ನೀ ಮನ್ಯಾಗ ಇರ್ತಿ ಅಂತ..."

ವಸತಿನಿಲಯ ಆಗಲೇ ತುಂಬಿತ್ತು. ದಿನಾ ಊರಿನಿಂದ ಹೋಗಿ ಬರಲಾಗದೆ ಭಕ್ತಿಯ ಒಂದು ವರ್ಷ ಹೋಯಿತು. ಮೂರು ದಿನ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ಜೈನರ ಮನೆಯ ರೂಢಿಯಂತೆ ಹೊತ್ತು ಮುಳುಗುವ ಮೊದಲು ಊಟಕ್ಕೆ ಕುಳಿತ ತವನಪ್ಪ ಅರ್ಧಕ್ಕೇ ಎದ್ದುಬಿಡುತ್ತಿದ್ದ.

ನಾಲ್ಕನೇ ದಿನ ಅವನೇ ದೀಪಾಳ ಕೇಂದ್ರಕ್ಕೆ ಹೋದ. "ನನ್ನ ತಪ್ಪು ಖರೆ. ಈಗೇನ ಮಾಡೂದು ಹೇಳು."

"ಕಾಕಾ, ಅಕಿ ಅರ್ಜಿ ಅಕಿನ ತುಂಬುವಂಗ ಆಗಬೇಕ್ರಿ. ಅವಾಗ ಅಕಿ ಮಾತಿನಾಗ ಬ್ಯಾರೆಯವ್ರ ಮಾತು ಕೂಡೂದಿಲ್ಲ."

"ಕಣ್ಣ ಕಾಣದವ್ರಿಗೆ ಬ್ಯಾರೆ ಅರ್ಜಿ ಮಾಡ್ತಾರೇನು?"

"ಬ್ಯಾರೆ ಬ್ಯಾಡ್ರಿ. ಇದನ್ನ ಸರಿ ಮಾಡಿದ್ರ ಸಾಕು."

ಭಕ್ತಿಯೂ ಸೇರಿ ಮೂವರೂ ಅರ್ಜಿ ಕರೆದಿದ್ದ ಇಲಾಖೆಯ ಕಂಪ್ಯೂಟರ್ ವಿಭಾಗಕ್ಕೆ ಹೋದರು. ಅರ್ಜಿ ತಯಾರಿಸಿದ್ದ ಅಲ್ಲಪ್ಪ ಕೂರಿಸಿ ಚಹಾ ಕೊಟ್ಟ. ಮಾತು ಕೇಳಿ ತಲೆ ಕೆರೆದುಕೊಂಡ. "ಕಣ್ಣ ಕಾಣದವ್ರು ಎಷ್ಟ ಮಂದಿ ಇದನ್ನ ತುಂಬತಾರ್ರಿ? ಮನಿಯವ್ರು ತುಂಬಿ ಕೊಡತಾರಲ್ಲ?"

ಭಕ್ತಿ ಬಾಯಿ ತೆರೆಯುವ ಮೊದಲೇ ತವನಪ್ಪ ಎದ್ದು ನಿಂತ. "ನಾ ತುಂಬಿದ್ನಿರಿ ಸಾಹೇಬ್ರ. ಅಕಿಗೆ ಬೇಕಾದದ್ದು ಬರೀಲಿಲ್ಲ, ನನಗ ಬೇಕಾದದ್ದು ಬರದ್ನಿರಿ. ಅಕಿಗೆ ಗೊತ್ತಾಗಾಕ ದಾರಿನ ಇರಲಿಲ್ಲ."

ಭಕ್ತಿ ಕೈ ಚಾಚಿ ಅಪ್ಪನ ತೋಳು ಹಿಡಿದಳು.

"ಸರ್, ಪರದೆ ಆರಿಸಿ ನೀವ ಒಮ್ಮೆ ತುಂಬ್ರಿ," ಎಂದಳು. ದೀಪಾ ಓದಿ ಹೇಳುವ ತಂತ್ರಾಂಶ ಹಾಕಿಕೊಟ್ಟಳು; ಅಲ್ಲಪ್ಪ ಪರದೆ ಆರಿಸಿ ಕೀಲಿಮಣೆ ಒತ್ತಿದ. ಖಾಲಿ ಜಾಗ, ಖಾಲಿ ಜಾಗ, ಗುಂಡಿ. ತಾನು ತಯಾರಿಸಿದ ಅರ್ಜಿಯಲ್ಲಿ ತನ್ನ ಹೆಸರು ಬರೆಯುವ ಜಾಗವೇ ಅವನಿಗೆ ಸಿಗಲಿಲ್ಲ. "ಇದು ನನ್ನ ತಲ್ಯಾಗ ಬಂದಿರಲೇ ಇಲ್ಲವ್ವಾ," ಎಂದ.

ಮುಂದಿನ ವರ್ಷದ ಹೊತ್ತಿಗೆ ಅರ್ಜಿ ಬದಲಾಗಿತ್ತು. ಪ್ರತಿ ಜಾಗವೂ ತನ್ನ ಹೆಸರು ಹೇಳುತ್ತಿತ್ತು. ತಪ್ಪಾದರೆ ಎಲ್ಲಿ ತಪ್ಪಾಯಿತೆಂದು ಮಾತಿನಲ್ಲಿ ತಿಳಿಸುತ್ತಿತ್ತು. ಚಿತ್ರದ ಅಕ್ಷರವನ್ನು ಕಿವಿಯಿಂದ ಕೇಳಿ ಬರೆಯಲೂ ಆಗುತ್ತಿತ್ತು, ಬೇಕಾದಷ್ಟು ಸಮಯವೂ ಇತ್ತು. ಅಕ್ಷರ ದೊಡ್ಡದು ಮಾಡುವ ಗುಂಡಿ ಕಂಡು, ದೀಪಾಳ ತಂದೆ, ಕಣ್ಣು ಮಂಜಾಗಿದ್ದ ಕುರಿಗಾರ ಮಾಲಿಂಗಪ್ಪ, "ಎಲ್ಲಾ ಅರ್ಜಿಗೂ ಹಿಂಗ ಮಾಡಬಾರದೇನ?" ಎಂದು ಕೇಳಿದ.

ಭಕ್ತಿ ತಾನೇ ತುಂಬಿದಳು. ಅಪ್ಪ ಪಕ್ಕದಲ್ಲಿ ಕೈ ಕಟ್ಟಿ ಕುಳಿತಿದ್ದ. "ವಸತಿ ಬೇಕೇ?" ಎಂದಿತು ಧ್ವನಿ. ಅವಳು ಒತ್ತಿದಳು. "ಹೌದು."

ತವನಪ್ಪ ಮೂಗು ಒರೆಸಿಕೊಂಡ. "ನಡಿಯವ್ವಾ, ಪೆಟ್ಟಿಗಿ ತರಾಕ ಹೋಗೂಣು."

ಓದುವ ಅಣ್ಣ ಅಕ್ಕಂದಿರೇ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಕಣ್ಣು ಕಾಣದವರು, ಕೈ ನಡುಗುವವರು, ವಯಸ್ಸಾದವರು ಇದ್ದಾರಲ್ಲವೇ? ಅವರ ಅರ್ಜಿಯನ್ನು ಅವರೇ ತುಂಬಲು ಆಗದಿದ್ದರೆ ಸುಮ್ಮನಿರಬೇಡಿ. ಎಲ್ಲಿ ತೊಡಕಾಯಿತು ಎಂದು ಬರೆದು ಆ ಕಚೇರಿಗೆ ತಿಳಿಸಿ. ಅರ್ಜಿ ತಯಾರಿಸುವವರೇ, ಜನರ ಮುಂದಿಡುವ ಮೊದಲು ಅಂಥವರನ್ನು ಕರೆದು ಕೂರಿಸಿ, ತುಂಬಲು ಹೇಳಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಸರಿಮಾಡಿ.