ಹತ್ತನೆಯ ಹೆಸರು

ಗಣಿತದ ಸಿಸ್ಟರಿಗೆ ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಹೇಳಿದವರ ನಾಲಿಗೆ ಬಿದ್ದುಹೋದೀತು. ಆ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಅವರು ಇಪ್ಪತ್ತಾರು ವರ್ಷ ಸೀಮೆಸುಣ್ಣ ಸವೆಸಿದ್ದರು. ಎರಡು ವರ್ಷದ ಹಿಂದೆ ಪಕ್ಕದ ಕೋಣೆಗೆ ಬಿಸಿನೆಸ್ ಮೇಷ್ಟ್ರು ಬಂದರು. ಮಕ್ಕಳಿಂದ ಸೋಪು ಮಾಡಿಸಿ, ಜಾಹೀರಾತು ಬರೆಸಿ, ಕಾರಿಡಾರಿನಲ್ಲಿ ಕೂಗಿ ಮಾರಿಸಿ, ಅದನ್ನೇ ಪಾಠ ಎನ್ನುತ್ತಿದ್ದರು. ಗೋಡೆಯಾಚೆ ನಗು ಎದ್ದಾಗಲೆಲ್ಲ ಸಿಸ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು. “ಸೋಪು ಮಾರೋಕೆ ಮೇಷ್ಟ್ರು ಬೇರೆ ಕೇಡು!” ಎಂದು ಗೊಣಗುತ್ತಿದ್ದರು.

ಈ ವರ್ಷ ಮೇಷ್ಟ್ರ ಪಟ್ಟಿಯಲ್ಲಿ ಮೂವತ್ತೆಂಟು ಹೆಸರು, ಸಿಸ್ಟರ ಉನ್ನತ ಗಣಿತಕ್ಕೆ ಒಂಬತ್ತು. ಹತ್ತು ಮಂದಿ ಇಲ್ಲದಿದ್ದರೆ ತರಗತಿ ಮುಚ್ಚಬೇಕೆಂಬುದು ಶಾಲೆಯ ನಿಯಮ. ಅಂಥ ಹೊತ್ತಿನಲ್ಲಿ ಬೇಕರಿಯವನ ಮಗಳು ಫಾರಂ ಹಿಡಿದು ಬಂದಳು. ಹೋದ ವರ್ಷ ಗಣಿತದಲ್ಲಿ ನೂರಕ್ಕೆ ಮೂವತ್ತೇಳು ತೆಗೆದ ಹುಡುಗಿ.

“ಬಿಸಿನೆಸ್ ತಗೋತೀನಿ ಸಿಸ್ಟರ್. ಗಣಿತ ಬಿಡೋಕೆ ನಿಮ್ಮದೊಂದು ಸೈನ್ ಬೇಕಂತೆ.”

ಸಿಸ್ಟರ್ ಪೆನ್ನೆತ್ತಿದವರು ಹಾಗೇ ಕೆಳಗಿಟ್ಟರು. “ಸೋಪು ಯಾರು ಬೇಕಾದ್ರೂ ಮಾರ್ತಾರೆ ಮಗಳೇ. ನಿನ್ನ ತಲೆ ಇರೋದು ಗಣಿತಕ್ಕೆ. ಅಂಕ ನೋಡ್ಬೇಡ, ನನ್ನ ಮಾತು ಕೇಳು.”

ಹುಡುಗಿಯ ಮುಖ ಊರಗಲವಾಯಿತು. ಅಲ್ಲೇ ನಿಂತು ಹತ್ತನೆಯ ಹೆಸರು ಬರೆದಳು.

ಮೇಷ್ಟ್ರು ಸ್ಟಾಫ್‌ರೂಮಿನಲ್ಲಿ ನೇರವಾಗಿಯೇ ಹೇಳಿದರು: “ಅಂಗಡಿ ಗಲ್ಲಾದಲ್ಲೇ ಬೆಳೆದ ಹುಡುಗಿ, ಹಾರಿಸ್ಕೊಂಡು ಹೋಗ್ಬಿಟ್ರಲ್ಲ ಸಿಸ್ಟರ್! ಹೊಟ್ಟೆ ಉರೀತಿದೆ ನಂಗೆ.” ಆ ದಿನ ಸಿಸ್ಟರಿಗೆ ಸಪ್ಪೆ ಚಹಾವೂ ಸಿಹಿಯಾಗಿತ್ತು.

ಆದರೆ ಹುಡುಗಿ ದಿನಾ ಗಂಟೆ ಹೊಡೆಯುವ ಮೊದಲೇ ಬಂದು ನೋಟ್‌ಬುಕ್ ಒಡ್ಡತೊಡಗಿದಳು. ಎಂಟು ಲೆಕ್ಕದಲ್ಲಿ ಏಳು ತಪ್ಪು. ನಿದ್ದೆಗೆಟ್ಟ ಕಣ್ಣು, ಆದರೂ ನಗು. ಆ ನಗುವನ್ನು ನೋಡಲಾರದೆ ಸಿಸ್ಟರ್ ಶುಕ್ರವಾರ ಪಾಪನಿವೇದನೆಗೆ ಹೋದರು. ಜಾಲರಿಯಾಚೆ ಕೂತವರು ಹೆಡ್ಮಾಸ್ಟರ್ ಫಾದರ್. ಅಲ್ಲಿ ಕೇಳಿದ್ದನ್ನು ಪಾದ್ರಿ ಹೊರಗೆ ಬಾಯಿಬಿಡುವಂತಿಲ್ಲ, ಅದನ್ನು ಹಿಡಿದು ತರಗತಿ ಮುಚ್ಚುವಂತೆಯೂ ಇಲ್ಲ. ಸಿಸ್ಟರಿಗೆ ಆ ಧೈರ್ಯವೂ ಒಳಗೊಳಗೆ ಇತ್ತು. ಪ್ರಾಯಶ್ಚಿತ್ತ ಹತ್ತು ಜಪಕ್ಕೆ ಮುಗಿದೀತು ಎಂದುಕೊಂಡಿದ್ದರು.

“ಜಪ ಬೇಡ,” ಎಂದಿತು ಜಾಲರಿ. “ಆ ಹುಡುಗಿಗೆ ನಿಜ ಹೇಳಿ.”

ಸೋಮವಾರ ಅದೇ ಫಾದರ್ ಹತ್ತು ಹೆಸರಿನ ಪಟ್ಟಿಗೆ ಏನೂ ಅರಿಯದವರಂತೆ ರುಜು ಹಾಕಿದರು. ಸಿಸ್ಟರ್ ಇವತ್ತು ನಾಳೆ ಎಂದು ಮೂರು ವಾರ ತಳ್ಳಿದರು. ಕೊನೆಗೊಂದು ಬೆಳಿಗ್ಗೆ, ಎಂಟಕ್ಕೆ ಎಂಟೂ ತಪ್ಪಾದಾಗ, ನೋಟ್‌ಬುಕ್ ಮುಚ್ಚಿದರು.

“ನಾನು ಸುಳ್ಳು ಹೇಳಿದ್ದೆ ಮಗಳೇ. ನಂಗೆ ಹತ್ತನೇ ಹೆಸರು ಬೇಕಿತ್ತು. ಆ ಮೇಷ್ಟ್ರಿಗೆ ನಿನ್ನ ಬಿಟ್ಟುಕೊಡೋಕೆ ಮನಸ್ಸಾಗ್ಲಿಲ್ಲ.”

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. “ನನ್ನ ತಲೆ ಗಣಿತಕ್ಕೇ ಅಂತ ನೀವು ಹೇಳಿದ್ದನ್ನ ಅಪ್ಪ ಬಂದ ಗಿರಾಕಿಗಳಿಗೆಲ್ಲ ಹೇಳ್ತಿದ್ದಾರೆ ಸಿಸ್ಟರ್. ಅಪ್ಪಂಗೆ ನೀವೇ ನಿಜ ಹೇಳ್ತೀರಾ?”

ಸಿಸ್ಟರ್ ಆಫೀಸಿಗೆ ಹೋಗಿ ತಮ್ಮ ಕೈಯಾರೆ ಹತ್ತನೆಯ ಹೆಸರು ಹೊಡೆದುಹಾಕಿದರು.

“ಯಾಕೆ ಸಿಸ್ಟರ್?” ಎಂದರು ಫಾದರ್, ಮೊದಲ ಸಲ ಕೇಳುವವರಂತೆ. ತರಗತಿ ಅಂದೇ ಮುಚ್ಚಿತು.

ಸಂಜೆ ಬೇಕರಿಯಲ್ಲಿ ಜನ ಕಿಕ್ಕಿರಿದಿದ್ದರು. ಹುಡುಗಿ ಗಲ್ಲಾದಲ್ಲಿದ್ದಳು. ಅವಳಪ್ಪ ಹಿಟ್ಟಿನ ಕೈಯಲ್ಲೇ ಓಡಿಬಂದು ಕುರ್ಚಿ ಹಾಕಿದ. “ನೋಡ್ರಪ್ಪಾ, ನಾನ್ ಹೇಳ್ತಿದ್ನಲ್ಲ, ಆ ಸಿಸ್ಟರ್ ಇವ್ರೇ! ಈ ಜನ ನಂಬ್ತಿರ್ಲಿಲ್ಲ. ಇನ್ನೊಂದ್ಸಲ ಇವ್ರ ಮುಂದೆ ಹೇಳಿ ಸಿಸ್ಟರ್.”

ಸಿಸ್ಟರ್ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು, ತಮ್ಮ ಹೊಟ್ಟೆಕಿಚ್ಚನ್ನೂ ಬಿಡದೆ. ಅಪ್ಪ ಮಗಳ ಕಡೆ ತಿರುಗಿದ. ಅವಳು ತಲೆಯೆತ್ತದೆ ಬ್ರೆಡ್ಡಿಗೆ ಕಾಗದ ಸುತ್ತುತ್ತಿದ್ದಳು.

“ಸಿಸ್ಟರ್, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ,” ಎಂದಳು. “ಗಿರಾಕಿಗಳು ಕಾಯ್ತಿದ್ದಾರೆ.”